ಕೊನೆಯ ಅಧ್ಯಾಯ ನವನೀತಾಳ ಬಳಿ

ಒಳ್ಳೆಯ ಪುಸ್ತಕದ ಹೊಲಿಗೆ ಬಿಚ್ಚಿದವರಿಗೆ ಏನೆನ್ನಬೇಕು? ಗಡಿಯಾಚೆ ತೆಲುಗು ಸೀಮೆಯ ಮಾಗನೂರು ಹತ್ತಿರದ ಕನ್ನಡ ಶಾಲೆಯ ಹೆಡ್‌ಮಾಸ್ಟರ್ ಶ್ರೀನಿವಾಸುಲು ಅವರು ಝಾನ್ಸಿ ಟೀಚರಿಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಪಾಪ, ಅವಳಾದರೂ ಏನು ಮಾಡಬೇಕಿತ್ತು? ಬೇಸಿಗೆ ರಜೆಗೆ ಮಕ್ಕಳಿಗೆ ಓದಲು ಕೊಡೋಣವೆಂದರೆ ಬೀರುವಿನ ತುಂಬ ತೆಲುಗು ಪುಸ್ತಕಗಳು. ಕನ್ನಡದ ಕಥೆ ಪುಸ್ತಕ ಒಂದೇ ಒಂದು. ಆರನೆಯ ತರಗತಿಯ ಮಕ್ಕಳು ಒಂಬತ್ತು ಜನ. ಝಾನ್ಸಿ ಪುಸ್ತಕ ಬಿಚ್ಚಿ, ಒಂದೊಂದು ಅಧ್ಯಾಯವನ್ನೂ ಬೇರೆ ಬೇರೆ ಹೊಲಿದು, ಒಬ್ಬೊಬ್ಬರಿಗೆ ಒಂದರಂತೆ ಹಂಚಿದಳು. ಅದಲುಬದಲು ಮಾಡಿಕೊಂಡು ಓದಲಿ ಎಂದು.

"ಕೊನೀದು ಯಾರಿಗೆ ಕೊಟ್ರಿ?" ಹೆಡ್‌ಮಾಸ್ಟರ್ ಕೇಳಿದರು.

"ನವನೀತಾಗ್ರಿ ಸರ್."

ಅವರು ತಲೆಯ ಮೇಲೆ ಕೈ ಹೊತ್ತರು. ನವನೀತಾಳ ಅಪ್ಪ ಭೀಮಯ್ಯ ಮರುದಿನವೇ ಹೆಂಡತಿ ಮಕ್ಕಳೊಂದಿಗೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದ. ಹಾಗೆ ಹೋದ ಹುಡುಗಿಯರು ಮತ್ತೆ ಶಾಲೆಯ ಮುಖ ನೋಡುವುದು ಅಪರೂಪ.

"ವಾಪಸ್ ಬರದಾಕಿ ಕೈಯಾಗ ಕೊಟ್ರೇನ್ರಿ?"

"ಬರ್ಲಿ ಅಂತನ ಕೊಟ್ಟೀನ್ರಿ."

ಬಾಯಲ್ಲಿ ಹಾಗೆಂದರೂ ಝಾನ್ಸಿಗೆ ಒಳಗೊಳಗೇ ಪುಕುಪುಕು ಅನ್ನುತ್ತಿತ್ತು. ಪುಸ್ತಕ ಹೋದರೆ ಹೋಗಲಿ, ಹುಡುಗಿ ಹೋದರೆ?

ಜೂನಿನಲ್ಲಿ ಬಾಗಿಲು ತೆರೆದಾಗ ಎಂಟು ಮಕ್ಕಳು ಬಂದರು. ಎಂಟು ಅಧ್ಯಾಯಗಳನ್ನೂ ಎಲ್ಲರೂ ಅರೆದು ಕುಡಿದಿದ್ದರು. ಕಥೆಯ ಹುಡುಗಿ ಮೇಕೆಯನ್ನು ಹರಿಗೋಲಿಗೆ ಹತ್ತಿಸಿಕೊಂಡು ತುಂಬಿದ ಹೊಳೆಯ ನಡುವೆ ಹೋಗಿ ನಿಂತಿದ್ದಾಳೆ, ಹುಟ್ಟು ಕೈ ಜಾರಿದೆ. ಮುಂದೇನು? ಅದು ನವನೀತಾಳ ಹತ್ತಿರ. ನವನೀತಾ ಪುಣೆಯಲ್ಲಿ.

ಝಾನ್ಸಿ ಭೀಮಯ್ಯನಿಗೆ ಫೋನ್ ಮಾಡಿದಳು.

"ಈ ವರ್ಷ ಆಗಂಗಿಲ್ರಿ ಟೀಚರಮ್ಮ. ಸಣ್ಣ ಕೂಸು ಐತಿ, ನೋಡ್ಕೊಳ್ಳಾಕ ಆಕಿ ಬೇಕು. ನಿಮ್ಮ ಹಾಳಿ ಬೇಕಂದ್ರ ಫೋಟೋ ತೆಗದು ಕಳಿಸ್ತೀನಿ."

ಫೋಟೋ ಬಂದರೆ ಹೆಡ್‌ಮಾಸ್ಟರಿಗೆ ಅಷ್ಟೇ ಸಾಕಿತ್ತು. ತರಿಸೋಣವೇ ಎಂದು ಝಾನ್ಸಿ ಮಕ್ಕಳನ್ನು ಕೇಳಿದಳು. ಕಥೆ ಮುಗಿಯದೆ ಎಲ್ಲರಿಗಿಂತ ಹೆಚ್ಚು ಚಡಪಡಿಸುತ್ತಿದ್ದವಳೆಂದರೆ ಶಿರಿಷಾ. ಅವಳೇ ಮೊದಲು ಎದ್ದು ನಿಂತಳು.

"ಫೋಟೋ ಬ್ಯಾಡ್ರಿ ಟೀಚರ್. ಫೋಟೋ ಬಂದ್ರ ಆಕಿ ಬರಂಗಿಲ್ಲ."

ಉಳಿದವರೂ ತಲೆಯಾಡಿಸಿದರು. ಎಂಥ ಮಕ್ಕಳು ನೋಡಿ! ಕಥೆಯ ಆಸೆ ನುಂಗಿಕೊಂಡು ಗೆಳತಿಗಾಗಿ ಕಾದು ಕೂತರು. ಝಾನ್ಸಿ ಭೀಮಯ್ಯನಿಗೆ ಫೋಟೋ ಬೇಡವೆಂದು ಹೇಳಿದಳು.

ಹಾಗೆ ಕಾಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಭೀಮಯ್ಯ ಮಗಳ ಕೈ ಹಿಡಿದು ಬಂದ. ಅಧ್ಯಾಯ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿತ್ತು.

"ಏನು ಮಾಡಿದ್ಳು ಗೊತ್ತೇನ್ರಿ ಇಕಿ?" ಅವನ ದನಿಯಲ್ಲಿ ದೂರಿತ್ತು, ಮುಖದಲ್ಲಿ ಹೆಮ್ಮೆಯಿತ್ತು. "ದಿನಾ ಸಂಜಿಮುಂದ ನಾವು ಕೆಲಸದವ್ರು ಇರೋ ಶೆಡ್ಡಿನಾಗ ಎಲ್ಲಾರಿಗೂ ಇದನ್ನ ಓದಿ ಹೇಳ್ತಿದ್ಳು. ಅವ್ರು ಗಂಟು ಬಿದ್ರು. ಆ ಹುಡುಗಿ ಹೊಳ್ಯಾಗ ಯಾಕ ಹೋದ್ಳು, ಮೇಕಿ ಯಾರ್ದು ಅಂತ. ಇಕಿಗೇನು ಗೊತ್ತು? ಮೊದ್ಲಿಂದು ಓದಾಕ ಹೋಗ್ಬೇಕು ಅಂತ ಅಳಾಕ ಹತ್ತಿದ್ಳು. ಶೆಡ್ಡಿನ ಹೆಣ್ಮಕ್ಳೆಲ್ಲಾ, ಕೂಸಿನ್ನ ನಾವು ನೋಡ್ಕೊಂತೀವಿ, ಆಕಿನ್ನ ಸಾಲಿಗೆ ಬಿಟ್ಟು ಬಾ ಅಂದ್ರು. ಇಲ್ಲೇ ಊರಾಗ ನಮ್ಮವ್ವನ ಹತ್ರ ಇದ್ದು ಓದ್ಲಿ ಬಿಡ್ರಿ."

ಝಾನ್ಸಿ ತಾನೇ ಜಾಣೆ ಎಂದುಕೊಂಡಿದ್ದಳು. ಕಥೆಯ ಬಾಲವೊಂದನ್ನೇ ಹಿಡಿದು ಇಡೀ ಶೆಡ್ಡಿಗೆ ಓದಿನ ಹುಚ್ಚು ಹಿಡಿಸಿದ ಈ ಪುಟ್ಟ ಹುಡುಗಿಯ ಮುಂದೆ ಅವಳ ಜಾಣತನ ಯಾವ ಲೆಕ್ಕ?

ಮಕ್ಕಳು ನವನೀತಾಳನ್ನು ಮುತ್ತಿಕೊಂಡರು. "ಲಗೂ ಓದು," ಎಂದಳು ಶಿರಿಷಾ.

ನವನೀತಾ ಚೀಲವನ್ನು ಬೆನ್ನ ಹಿಂದೆ ಮಾಡಿದಳು. "ಮೊದ್ಲು ನೀವು ಮೊದ್ಲಿಂದು ಓದ್ರಿ."

ಶಿರಿಷಾ ಮೊದಲ ಅಧ್ಯಾಯ ಬಿಡಿಸಿದಳು. ಅಷ್ಟರಲ್ಲಿ ಹೆಡ್‌ಮಾಸ್ಟರ್ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಭೀಮಯ್ಯನನ್ನು ನೋಡಿದರು.

"ನೀ ಬಸ್ಸಿಗೆ ಹೋಗಲ್ಲೇನಪ್ಪಾ?"

"ಪೂರಾ ಕೇಳ್ಕೊಂಡ ಹೋಗ್ತೀನ್ರಿ ಸರ್," ಎಂದ ಭೀಮಯ್ಯ. "ಅಲ್ಲಿ ಎಲ್ಲಾರೂ ಕಾಯಾಕ ಹತ್ಯಾರ."