ಮೊಳೆ ಕಚ್ಚಿದ ಬಾಯಿ

ಅಪ್ಪನ ತುಟಿಯ ಮೂಲೆಯ ಕಪ್ಪು ಕಲೆಯನ್ನು ಹಿರಿಯ ಮಗಳು ಒದ್ದೆ ಬಟ್ಟೆಯಿಂದ ಮೂರನೆಯ ಸಲ ಉಜ್ಜಿದಳು.

"ಬಿಡೇ, ಅದು ಹೋಗಲ್ಲ," ಎಂದಳು ಅತ್ತೆ, ಸತ್ತವನ ಅಕ್ಕ. "ನಲವತ್ತು ವರ್ಷ ಮೊಳೆ ಕಚ್ಚಿದ ಬಾಯಿ."

ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವುದು ಅಪ್ಪನ ಕಸುಬು. ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಹಿಡಿದೇ ಕೆಲಸ. ಮೊಳೆ ಕಚ್ಚಿದವನನ್ನು ಯಾರು ತಾನೇ ಮಾತಾಡಿಸುತ್ತಾರೆ? ಕೆಲಸವಿಲ್ಲದ ದಿನವೂ ಎರಡು ಮೊಳೆ ಬಾಯಲ್ಲಿರುತ್ತಿದ್ದವು.

"ನಕ್ಕರೆ ನುಂಗಿಬಿಡ್ತೀನಿ ಅಂತಿದ್ದ," ಎಂದ ಪಕ್ಕದಂಗಡಿಯ ಬಡಗಿ. ಯಾರೋ ನಕ್ಕು, ತಕ್ಷಣ ಕೆಮ್ಮಿದರು.

"ನಮ್ಮಪ್ಪನೂ ಹಂಗೇ. ನಮ್ಮ ರಕ್ತವೇ ಅಂಥದ್ದು." ಅತ್ತೆ ಅಂಗಡಿಯ ಮೂಲೆಯ ಅರೆಹೊಲಿದ ಸೋಫಾದತ್ತ ಗಲ್ಲ ಎತ್ತಿದಳು. "ಈಗ ಅದೊಂದು."

ಅಲ್ಲಿ ಹಿರಿಯವಳ ಒಂಬತ್ತು ವರ್ಷದ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳಪ್ಪ ಮನೆ ಬಿಟ್ಟುಹೋದ ಮೇಲೆ, ಎರಡು ತಿಂಗಳಿಂದ ಹೀಗೇ. ಶಾಲೆಗೆ ಹೊಟ್ಟೆನೋವು ಎಂದು ಹೇಳಿಯಾಗಿತ್ತು.

"ನನ್ನ ಮೈಯಲ್ಲೂ ಅದೇ ರಕ್ತ ತಾನೇ ಅತ್ತೆ?" ಎಂದಳು ಕಿರಿಯ ಮಗಳು. "ಅಮ್ಮ ಸತ್ತಾಗ ನನ್ನನ್ನ ನೀವು ಕರ್ಕೊಂಡು ಹೋದ್ರಿ. ಬೈತಿದ್ರಿ, ಆದ್ರೂ ದಿನವಿಡೀ ಮಾತಾಡಿಸ್ತಿದ್ರಿ. ಅಕ್ಕ ಇಲ್ಲೇ, ಮಾತಾಡದ ಅಪ್ಪನ ಹತ್ರ ಉಳಿದಳು."

ಹಿರಿಯವಳು ಬಟ್ಟೆ ಹಿಂಡಿದಳು.

*

ಅಮ್ಮ ಹೋದ ಆ ಚಳಿಗಾಲವೆಲ್ಲ ಹಿರಿಯವಳು ಇದೇ ಅಂಗಡಿಯ ಸ್ಪಂಜಿನ ರಾಶಿಯ ಮೇಲೆ ಗೋಡೆ ನೋಡುತ್ತ ಮಲಗಿದ್ದಳು. ಕೇಳಿದವರಿಗೆಲ್ಲ ಅಪ್ಪ ಹೊಟ್ಟೆನೋವು ಎನ್ನುತ್ತಿದ್ದ. ಒಂದು ಮಧ್ಯಾಹ್ನ ಸುತ್ತಿಗೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಅಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಬಾಯಿಂದ ಒಂದೊಂದೇ ಮೊಳೆ ತೆಗೆದು ಅಂಗೈಗೆ ಹಾಕಿಕೊಳ್ಳುತ್ತಿದ್ದ. ಕೊನೆಯದೂ ಬಂತು. ತುಟಿಗಳು ಅಲುಗಿದವು. ಅವಳು ಉಸಿರು ಹಿಡಿದಳು.

ಅಪ್ಪ ಮೊಳೆಗಳನ್ನು ಒಂದೊಂದಾಗಿ ಮತ್ತೆ ಬಾಯಿಗಿಟ್ಟುಕೊಂಡ.

*

ಹೊರಗೆ ಗಾಡಿಯ ಹಾರನ್ ಕೇಳಿಸಿತು. ಅಪ್ಪನನ್ನು ಎತ್ತಿದರು.

"ಮಗು ಬರಲ್ವೇನಮ್ಮಾ?" ಎಂದ ಬಡಗಿ.

"ಅವಳಿಗೆ ಹೊಟ್ಟೆ..." ಹಿರಿಯವಳ ನಾಲಗೆ ತಡವರಿಸಿತು. "ಇಲ್ಲಣ್ಣ. ಹೊಟ್ಟೆ ಚೆನ್ನಾಗೇ ಇದೆ. ಮನಸ್ಸಿಗೆ ಹುಷಾರಿಲ್ಲ. ನನಗೂ ಹೀಗೇ ಆಗಿತ್ತು. ನಾಳೆ ಡಾಕ್ಟರ ಹತ್ರ ಹೋಗ್ತೀವಿ."

"ಮೆಲ್ಲಗೆ ಹೇಳೇ, ಜನ ಇದಾರೆ," ಅತ್ತೆ ಪಿಸುಗುಟ್ಟಿದಳು. "ನಡಿ, ಹೆತ್ತಪ್ಪ ಹೊರಟಿದಾನೆ."

"ನೀವು ಹೋಗಿ ಬನ್ನಿ ಅತ್ತೆ. ಅಪ್ಪನ ಜೊತೆ ತಂಗಿ ಇರ್ತಾಳೆ."

ಗಾಡಿಯ ಸದ್ದು ತಿರುವಿನಲ್ಲಿ ಕರಗಿತು. ಅವಳು ಸೋಫಾಕ್ಕೆ ಒರಗಿ ನೆಲದ ಮೇಲೆ ಕೂತಳು.

"ಏನಾಗ್ತಿದೆ ಪುಟ್ಟಿ, ಹೇಳು. ಎಷ್ಟು ಹೊತ್ತಾದ್ರೂ ಸರಿ."

ಬಹಳ ಹೊತ್ತಿನ ಮೇಲೆ, ಗೋಡೆಯಿಂದ ಮುಖ ತಿರುಗಿಸದೆಯೇ, ಮಗು ಒಂದು ಕಾಲನ್ನು ಹಿಂದಕ್ಕೆ ಚಾಚಿತು. ತಣ್ಣನೆಯ ಹಿಮ್ಮಡಿ ಅವಳ ಭುಜಕ್ಕೆ ತಾಗಿ, ಅಲ್ಲೇ ನಿಂತಿತು.