ಏಳನೆಯ ಬೋಲ್ಟು

ಗಾಜಿನ ಹಲಗೆಯ ಮೇಲೆ, ಆಂಬುಲೆನ್ಸಿನ ಇಂಜಿನ್ನಿನಿಂದ ಬಿಚ್ಚಿದ ಹತ್ತು ಬೋಲ್ಟುಗಳನ್ನು ತಲೆ ಸಮವಾಗಿ ಮಲಗಿಸಿ, ಅವುಗಳ ಕಾಲ ತುದಿಗೆ ಉಕ್ಕಿನ ಪಟ್ಟಿಯನ್ನು ಒತ್ತಿ, ಮಗಳು ಸುಮ್ಮನೆ ಪಕ್ಕಕ್ಕೆ ಸರಿದಳು. ಪಟ್ಟಿ ತಾಗಿದ್ದು ಏಳನೆಯದಕ್ಕೆ ಮಾತ್ರ. ಉಳಿದ ಒಂಬತ್ತಕ್ಕೂ ಪಟ್ಟಿಗೂ ನಡುವೆ ಉಗುರಿನ ದಪ್ಪದಷ್ಟು ಬೆಳಕು.

ಅಪ್ಪ ಬಗ್ಗಿ ನೋಡಿದರು. ಗ್ಯಾರೇಜಿಗೆ ಬರುವವರಿಗೆಲ್ಲ ಅವರು ದೊಡ್ಡ ಮೇಸ್ತ್ರಿ, ಅವಳು ಚಿಕ್ಕ ಮೇಸ್ತ್ರಿ. ಬಹಳ ಹೊತ್ತು ನೋಡಿ, ಬೆನ್ನು ನೆಟ್ಟಗೆ ಮಾಡಿದರು.

"ಇದು ಹಳೇದು," ಎಂದರು.

ಬಾಗಿಲ ಬಳಿ ನಿಂತಿದ್ದ ಆಂಬುಲೆನ್ಸ್ ಡ್ರೈವರ್‌ಗೆ ಅಷ್ಟು ಸಾಕಾಯಿತು. "ಹಳೇದಂದ್ರೆ? ಮೂರು ತಿಂಗಳ ಹಿಂದೆ ಹೊಸ ಬೋಲ್ಟ್ ಹಾಕಿದೀವಿ ಅಂದಿರಲ್ಲ?"

ಕಂಪನಿಯ ಬೋಲ್ಟು ಬಿಗಿಯುವಾಗ ಒಂದಿಷ್ಟು ನೀಳುತ್ತದೆ. ಹಾಗೆ ನೀಳಿಯೇ ಅದು ಇಂಜಿನ್ನಿನ ತಲೆಯನ್ನು, ಅಂದರೆ ಹೆಡ್ಡನ್ನು, ಅದುಮಿ ಹಿಡಿಯುವುದು. ಒಮ್ಮೆ ನೀಳಿದ್ದನ್ನು ಮತ್ತೆ ಹಾಕಿದರೆ ಹಿಡಿತ ಸಡಿಲ. ಬಿಚ್ಚಿದ ಬೋಲ್ಟಿನ ತಲೆಗೆ ಕೆಂಪು ಬಣ್ಣದ ಚುಕ್ಕೆ ಇಡುವುದು ಅಪ್ಪ ಮಾಡಿದ ಪದ್ಧತಿ. "ಇದರ ಮದುವೆ ಆಯ್ತು, ಇನ್ನು ಬೇರೆ ಸಂಬಂಧ ನೋಡೋ ಹಾಗಿಲ್ಲ," ಎಂದು ಅವಳು ಚಿಕ್ಕವಳಿದ್ದಾಗ ನಗಿಸುತ್ತಿದ್ದರು. ಈ ಏಳನೆಯದರ ತಲೆಯ ಮೇಲೆ ಚುಕ್ಕೆಯಿರಲಿಲ್ಲ.

"ಏರು ರಸ್ತೆ," ಎಂದ ಡ್ರೈವರ್. ಅವನ ದನಿ ಏರಲಿಲ್ಲ. "ಹಿಂದೆ ಹೆರಿಗೆ ನೋವಿನ ಹೆಂಗಸು. ಮುಂದೆ ಬಾನೆಟ್ಟಿಂದ ಬಿಳೀ ಹೊಗೆ. ಇನ್ನೊಂದು ಗಾಡಿ ಬರೋಕೆ ನಲವತ್ತು ನಿಮಿಷ. ತಾಯಿ ಮಗು ಚೆನ್ನಾಗಿದ್ದಾರೆ, ಅದು ಅವರ ಪುಣ್ಯ. ಆ ನಲವತ್ತು ನಿಮಿಷ ಮಾತ್ರ ನನ್ನ ಕಿವಿಯಿಂದ ಹೋಗ್ತಿಲ್ಲ." ಅವನು ಅಪ್ಪನ ಬಲಗೈಯನ್ನು ನೋಡಿದ. ಕಳೆದ ವರ್ಷ ಲಕ್ವ ಹೊಡೆದ ಮೇಲೆ ಆ ಕೈಯ ಎರಡು ಬೆರಳು ಜೋಮು ಹಿಡಿದಂತೆಯೇ ಉಳಿದಿದ್ದವು. "ದೊಡ್ಡ ಮೇಸ್ತ್ರಿ, ತಪ್ಪು ತಿಳ್ಕೋಬೇಡಿ. ಈ ಸಲ ಸ್ಟಡ್ ಹಾಕಿ. ಚಿಕ್ಕ ಮೇಸ್ತ್ರಿನೇ ಬಿಗೀಲಿ."

ಮಗಳೂ ಗಾಡಿ ಬಂದಾಗಿನಿಂದ ಅದನ್ನೇ ಹೇಳುತ್ತಿದ್ದಳು. ಸ್ಟಡ್ಡೆಂದರೆ ತಲೆಯಿಲ್ಲದ ಸರಳು. ಕೈಬೆರಳಲ್ಲೇ ಕೆಳಗೆ ತಿರುಗಿಸಿ ಕೂರಿಸಿ, ಮೇಲೆ ನಟ್ಟು ಬಿಗಿದರಾಯಿತು. ಬಿಗಿತ ಅಳೆಯುವ ಟಾರ್ಕ್ ಪಾನಾ 'ಟಕ್' ಎಂದರೆ ಮುಗಿಯಿತು. ಕಂಪನಿ ಬೋಲ್ಟಿನ ಹಾಗೆ ಟಕ್ ಎಂದ ಮೇಲೂ ಎರಡು ಸಲ ಕಾಲು ಸುತ್ತು ತಿರುಗಿಸಿ, ಲೋಹ ನೀಳುವುದನ್ನು ಅಂಗೈಯಲ್ಲಿ ಕೇಳಿಸಿಕೊಳ್ಳುವ ಗೋಜಿಲ್ಲ.

ಅಪ್ಪ ಒಪ್ಪಿರಲಿಲ್ಲ. "ಆ ವ್ಯಾನಿನ ಹೊಟ್ಟೆ ಇಕ್ಕಟ್ಟು, ಮಗಾ. ಸ್ಟಡ್ ನಿಂತಿದ್ರೆ ಹೆಡ್ಡನ್ನ ಮೇಲೆತ್ತೋಕೆ ಜಾಗ ಇಲ್ಲ. ಸಣ್ಣ ತೊಂದ್ರೆಗೂ ಇಡೀ ಇಂಜಿನ್ ಕೆಳಗಿಳಿಸ್ಬೇಕು. ಒಂದು ದಿನದ ಕೆಲಸಕ್ಕೆ ಮೂರು ದಿನ ಗಾಡಿ ನಿಲ್ಲುತ್ತೆ. ಸರಕಿನ ಲಾರಿಯಾದ್ರೆ ಕಾಯುತ್ತೆ. ಇದು ಕಾಯೋ ಗಾಡಿಯಾ?"

ಈಗ ಅವರು ವಾದಿಸಲಿಲ್ಲ. ಗೋಡೆಯ ಮೊಳೆಯಿಂದ ಟಾರ್ಕ್ ಪಾನಾ ತೆಗೆದು, ಬಟ್ಟೆಯಲ್ಲಿ ಉದ್ದಕ್ಕೂ ಒರೆಸಿ, ಅವಳ ಮುಂದೆ ಮೇಜಿನ ಮೇಲಿಟ್ಟರು.

"ಸ್ಟಡ್ಡೇ ಹಾಕು. ನೀನೇ ಬಿಗಿ. ನಾನು ಇನ್ಮೇಲೆ ಚಹಾ ಕಾಸ್ಕೊಂಡಿರ್ತೀನಿ, ಅದಕ್ಕೆ ಟಾರ್ಕ್ ಬೇಡ."

ಯಾರೂ ನಗಲಿಲ್ಲ.

ಸ್ಟಡ್ಡಿನ ಪೆಟ್ಟಿಗೆ ತರಲು ಅವಳು ಒಳಕೋಣೆಗೆ ಹೋದಳು. ಅಜ್ಜಿ ಹೇಳುತ್ತಿದ್ದ ಕಥೆಯೊಂದು ಸುಮ್ಮನೆ ನೆನಪಾಯಿತು. ಹತ್ತು ಜನ ಅಣ್ಣತಮ್ಮಂದಿರು ಒಂದು ಬಂಡೆಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದರಂತೆ. ಒಬ್ಬ ಆಕಳಿಸಿದ, ಬಂಡೆ ವಾಲಿತು. ಎಲ್ಲರೂ ತಲೆ ನೆರೆತ ಹಿರಿಯವನ ಕಡೆ ತಿರುಗಿದರು. "ನಿಜವಾಗ್ಲೂ ಆಕಳಿಸಿದ್ದು ಯಾರಜ್ಜಿ?" ಎಂದರೆ ಅಜ್ಜಿ ಎಲೆಯಡಿಕೆಯಿಲ್ಲದ ಬಾಯನ್ನೇ ಮೆಲ್ಲುತ್ತ, "ಆಕಳಿಸಿದವನಿಗೆ ಗೊತ್ತಲ್ಲ ಮಗಾ, ಸಾಕು," ಎನ್ನುತ್ತಿದ್ದಳು.

ಸ್ಟಡ್ಡಿನ ಪೆಟ್ಟಿಗೆಯ ಹಿಂದೆ ಇನ್ನೊಂದು ಡಬ್ಬವಿತ್ತು. ಮೂರು ತಿಂಗಳ ಹಿಂದಿನ ಬೋಲ್ಟಿನ ಡಬ್ಬ. ಎಸೆಯಬೇಕೆಂದು ಎತ್ತಿದರೆ ಭಾರವಿತ್ತು. ಎಣ್ಣೆಕಾಗದದ ಸುರುಳಿಯೊಂದು ಒಳಗೆ ಹಾಗೇ ಉಳಿದಿತ್ತು. ಬಿಚ್ಚಿದಳು. ಹೊಸ ಬೋಲ್ಟು, ಯಾರ ಕೈಯೂ ಮುಟ್ಟದ್ದು.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ಅಂದು ಗ್ಯಾರೇಜನ್ನು ಲಕಲಕ ಹೊಳೆಯಿಸುತ್ತೇನೆಂದು ಹೊರಟವಳು ಅವಳೇ. ಅಳತೆಗೆ ಕೂರಿಸಿ ನೋಡಲು ಇಟ್ಟುಕೊಂಡ ಹಳೆಯ ಬೋಲ್ಟುಗಳನ್ನೂ ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿ ತೊಳೆದಿದ್ದಳು. ಬೋಗುಣಿಯ ತಳದಲ್ಲಿ ಗುಲಾಬಿ ಬಣ್ಣ ನಿಂತದ್ದನ್ನು ಕಂಡು, ಎಷ್ಟು ಚೆಂದ ಎಂದುಕೊಂಡದ್ದೂ ನೆನಪಿದೆ. ಆಮೇಲೆ ಹಳೆಯದಕ್ಕೂ ಹೊಸದಕ್ಕೂ ಒಂದೇ ತಟ್ಟೆ. ಒಂದೊಂದಾಗಿ ಎತ್ತಿ ಅಪ್ಪನ ಅಂಗೈಗೆ ಕೊಟ್ಟವಳು ಅವಳು. ಅಪ್ಪ ಬಿಗಿಯುತ್ತ ಹೋದರು. ಏಳನೆಯದಕ್ಕೆ ಅವರ ಕೈ ನಿಂತಿತ್ತು. "ಮಗಾ, ಇದು ಯಾಕೋ ಮೆತ್ತಗಿದೆ." ಅವಳು ನಕ್ಕಿದ್ದಳು: "ಬೋಲ್ಟಲ್ಲಪ್ಪ, ನಿಮ್ಮ ಬೆರಳು." ಅವರು ಬೆರಳುಗಳನ್ನೊಮ್ಮೆ ನೋಡಿಕೊಂಡು, ಮುಂದಿನದಕ್ಕೆ ಕೈ ಚಾಚಿದ್ದರು.

ಡಬ್ಬವನ್ನು ಮತ್ತೆ ಹಿಂದಕ್ಕೆ ತಳ್ಳಬಹುದಿತ್ತು. ಸ್ಟಡ್ಡು ಒಳ್ಳೆಯದೇ. ಡ್ರೈವರ್ ಒಪ್ಪಿದ್ದಾನೆ, ಅಪ್ಪನೂ ಒಪ್ಪಿದ್ದಾರೆ.

ಅವಳು ಹೊರಗೆ ಬಂದು ಹೊಸ ಬೋಲ್ಟನ್ನು ಏಳನೆಯದರ ಪಕ್ಕದಲ್ಲಿಟ್ಟಳು.

"ಚುಕ್ಕೆ ತೊಳೆದವಳು ನಾನು. ಹಳೇದನ್ನ ಎತ್ತಿಕೊಟ್ಟವಳೂ ನಾನೇ. ಅಪ್ಪ ಆವತ್ತೇ ಹೇಳಿದ್ರು. ನಾನು ನಗಾಡಿದೆ."

ಡ್ರೈವರ್ ಒಬ್ಬರಾದ ಮೇಲೊಬ್ಬರ ಮುಖ ನೋಡಿದ. "ಈಗ ನಾನು ಯಾರನ್ನ ನಂಬ್ಲಿ, ಹೇಳಿ."

"ನನ್ನನ್ನ ಈಗ್ಲೇ ನಂಬಬೇಡಿ. ಅಪ್ಪನ ಆ ಕೈಯನ್ನ ನಂಬಿ. ನಿಮ್ಮ ಗಾಡಿಗೆ ಬೋಲ್ಟೇ ಸರಿ. ಮೂರು ದಿನ ನಿಲ್ಲೋ ಗಾಡಿ ಅಲ್ಲ ಅದು."

ಅಪ್ಪ ಬಲಗೈಯ ಎರಡು ಬೆರಳುಗಳ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸುತ್ತಿದ್ದರು, ಬೇರೆ ಯಾರದೋ ಬೆರಳೆಂಬಂತೆ.

"ಮೆತ್ತಗಿತ್ತು," ಎಂದರು ಕೊನೆಗೆ.

"ಹೌದಪ್ಪ. ಮೆತ್ತಗೇ ಇತ್ತು."

ಡ್ರೈವರ್ ಟೊಪ್ಪಿಗೆ ತೆಗೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿದ. "ಬಿಗಿಯೋದು ಮುಗಿಯೋವರ್ಗೂ ನಾನು ಇಲ್ಲೇ ನಿಂತಿರ್ತೀನಿ," ಎಂದ.

ಅವಳು ಮೊದಲು ಬಣ್ಣದ ಶೀಶೆ ತೆರೆದು ಹಳೆಯ ಹತ್ತಕ್ಕೂ ಚುಕ್ಕೆಯಿಟ್ಟಳು. ಆಮೇಲೆ ಅಂಗಡಿಯಿಂದ ಹೊಸ ಡಬ್ಬ ತಂದು ಅಪ್ಪನ ಎದುರೇ ಒಡೆದು, ಎಣಿಸಿ, ಒಂದೊಂದನ್ನೂ ಎಣ್ಣೆಕಾಗದದಿಂದ ಬಿಚ್ಚಿ ಅವರ ಅಂಗೈಗೆ ಕೊಟ್ಟಳು. ಟಕ್ ಎಂಬ ಸದ್ದು ಹತ್ತು ಸಲ ಕೇಳಿತು. ಅಪ್ಪ ಉದ್ದ ಹಿಡಿಯ ಪಾನಾ ತೆಗೆದುಕೊಂಡು ಕಾಲು ಸುತ್ತುಗಳನ್ನು ಶುರು ಮಾಡಿದರು.

ಏಳನೆಯದಕ್ಕೆ ಬಂದಾಗ ಅವರ ಕೈ ನಿಂತಿತು. ಕಣ್ಣು ಮುಚ್ಚಿದರು.

ಅವಳು ಬಾಯಿ ತೆರೆಯಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಗಾಜಿನ ಹಲಗೆಯ ಮೇಲೆ ಕೆಂಪು ಚುಕ್ಕೆಗಳು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದವು.

ಆಮೇಲೆ ಪಾನಾ ನಿಧಾನವಾಗಿ ತಿರುಗತೊಡಗಿತು.