ದುರ್ಗವ್ವನ ಮನೆಯ ಘೋಡಾ

ಕುಂದಗೋಳದ ಹತ್ತಿರದ ಆ ಊರಿನಲ್ಲಿ ದುರ್ಗವ್ವನ ಮನೆಯ ಹೆಂಗಸರು ಕುದುರೆಯನ್ನು ಕುದುರೆ ಎನ್ನುತ್ತಿರಲಿಲ್ಲ. ದುರ್ಗವ್ವನ ಮಾವನ ಹೆಸರು ಕುದರೆಪ್ಪ. ಸೊಸೆಯಾದವಳು ಮಾವನ ಹೆಸರು ಆಡುವಂತಿಲ್ಲ. ಬಾಜೂಮನೆಯ ಹಲೀಮಾಬಿ ಘೋಡಾ ಅನ್ನುತ್ತಿದ್ದಳು, ದುರ್ಗವ್ವನೂ ಅದನ್ನೇ ಹಿಡಿದಳು. ಮುಂದೆ ಮಗನಿಗೂ ಅಜ್ಜನ ಹೆಸರೇ ಇಟ್ಟರು. ತಾಯಿಗೆ ಅದೂ ಬಾಯಿಗೆ ಬಾರದಾಯಿತು. ಸಣ್ಣಪ್ಪ ಎಂದು ಕರೆದಳು, ಊರೂ ಹಾಗೇ ಕರೆಯಿತು. ಸಣ್ಣಪ್ಪನ ಹೆಂಡತಿಯಾಗಿ ಬಂದ ಬಸಕ್ಕನ ಬಾಯಲ್ಲೂ ಘೋಡಾ ಉಳಿಯಿತು. ಕುರಿಹಿಂಡಿನ ಜೊತೆ ಕಂಬಳಿ, ಬೋಗುಣಿ ಹೊರುವ ಆ ಕುದುರೆ ಮಾತ್ರ ಯಾವ ಹೆಸರಿಗೂ ಕಿವಿ ನಿಮಿರಿಸುತ್ತಿರಲಿಲ್ಲ.

ಬಸಕ್ಕನ ನಾದಿನಿ ಹನಮವ್ವನನ್ನು ತನ್ನ ಮಗನಿಗೆ ನೋಡಲು ತಂಬೂರ ಎಂಬ ಊರಿನ ತಿರಕಪ್ಪ ಬಂದ ದಿನವೇ ಧಾರವಾಡದಿಂದ ಮಾತುಗಳ ಮೂಲ ಹುಡುಕುವ ಹುದ್ದಾರ ಸರ್ ಬಂದರು. ಹೆಗಲಿಗೆ ಟೇಪ್ ರೆಕಾರ್ಡರ್. ದನಕರುಗಳಿಗೆ ಯಾರು ಏನನ್ನುತ್ತಾರೆ ಎಂದು ಮನೆಮನೆ ಕೇಳುತ್ತಿದ್ದರು. ಸಣ್ಣಪ್ಪ ಕುರಿ ಹೊಡೆದುಕೊಂಡು ಹೋದವನು ಸಂಜೆಗೆ ಬರುವವನಿದ್ದ.

"ಅದೇನ್ರಿ ಅಲ್ಲಿ ಕಟ್ಟಿದ್ದು?" ಸರ್ ಕೇಳಿದರು.

"ಘೋಡಾ," ಅಂದಳು ದುರ್ಗವ್ವ.

ಸರ್ ಕನ್ನಡಕ ಸರಿಮಾಡಿಕೊಂಡರು. "ವೇದದಾಗ ಅಶ್ವ, ಇರಾನದ ಕಡೆ ಅಸ್ಪ. ಎರಡೂ ಒಂದ ತಾಯಿ ಮಕ್ಕಳು. ಆಮ್ಯಾಲೆ ಈ ಘೋಡಾ ಬಂತು, ಅಶ್ವ ಪುಸ್ತಕದಾಗ ಕುಂತಿತು. ಘೋಡಾ ಎಲ್ಲಿಂದ ಬಂತು ಅಂತ ಖಚಿತ ಯಾರಿಗೂ ಗೊತ್ತಿಲ್ಲ. ಊರಾಗ ಕನ್ನಡದವರೆಲ್ಲ ಕುದುರಿ ಅಂದ್ರ ನಿಮ್ಮ ಮನಿ ಒಂದ ಘೋಡಾ ಅಂತದ. ನಿಮ್ಮ ಹಿರ್ಯಾರು ಉತ್ತರದಿಂದ ಕುದುರಿ ಮಾರಕೋತ ಬಂದವರ ಇರಬೇಕು."

ತಿರಕಪ್ಪ ಚಹದ ಬಸಿ ಕೆಳಗಿಟ್ಟ.

"ಹಂಗಾರ ನೀವು ಇಲ್ಲಿಯವರಲ್ಲೇನು?"

"ಇಲ್ಲಿಯವರ ಅದೀವಪ್ಪಾ."

"ಮತ್ತ ಆ ಮಾತು ಎಲ್ಲಿಂದ ಬಂತು ಹೇಳಬೇ."

ದುರ್ಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹೇಳಬೇಕಾದರೆ ಮಾವನ ಹೆಸರು ಹೇಳಬೇಕು. ತಿರಕಪ್ಪ ಟಾವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಬಸ್ಸಿನ ಹೊತ್ತಾತು. ಮನ್ಯಾಗ ಕೇಳಿ ತಿಳಸ್ತೀನಿ," ಅಂದ. ತಿಳಿಸುತ್ತೇನೆ ಅಂದವರು ಯಾರೂ ತಿಳಿಸುವುದಿಲ್ಲ ಎಂಬುದು ಬಸಕ್ಕನಿಗೆ ಗೊತ್ತಿತ್ತು. ಒಳಗೆ ಹನಮವ್ವ ಮುಡಿದ ಹೂವು ತೆಗೆಯುತ್ತಿದ್ದಳು.

ಬಸಕ್ಕ ಬಾಗಿಲಿಗೆ ಬಂದಳು. ಮಾವನ ಹೆಸರಿಗೆ ದಾರಿಯಿಲ್ಲ; ಗಂಡನ ಹೆಸರಿಗೆ ಪ್ರಾಸ ಹೆಣೆದು ಹೇಳುವ ಒಡಪು ಉಂಟು, ಅದರೊಳಗೆ ಹೇಳಿದರೆ ದೋಷವಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಎಲ್ಲರೂ ಕೇಳಿದರೂ ನಾಚಿಕೆಗೆ ಆಕೆ ಬಾಯಿ ಬಿಟ್ಟಿರಲಿಲ್ಲ. ಈಗ ಚೌಕಟ್ಟು ಹಿಡಿದು, ನೆಲ ನೋಡುತ್ತ ಹೇಳಿದಳು:

"ಎರಿಹೊಲದ ಬಿಳಿಜೋಳ ತೆನಿಬಿಟ್ಟು ತೂಗ್ಯಾವು,
ಕುದರೆಪ್ಪನ ಕುರಿ ಬಂದ್ರ ಅಂಜಿ ತಲಿ ಬಾಗ್ಯಾವು."

ಹೊರಟಿದ್ದ ತಿರಕಪ್ಪ ತಿರುಗಿ ನಿಂತ.

"ಸಣ್ಣಪ್ಪನ ಖರೇ ಹೆಸರು ಅದೇನು?" ತಿರಕಪ್ಪ ಕೇಳಿದ.

"ಹೌದ್ರಿ. ಅವರಜ್ಜಂದೂ ಅದ," ಬಸಕ್ಕ ಅಂದಳು.

ತಿರಕಪ್ಪ ಮತ್ತೆ ಕುಳಿತ. ಚಹ ಆರಿತ್ತು, ಆದರೂ ಕುಡಿದ. "ನನ್ನ ಹೇಣ್ತಿನೂ ಹಂಗ. ಬಾಗಲಿಗೆ ಭಿಕ್ಷಾ ಬೇಡೂ ತಿರಕರು ಬಂದ್ರ ಜೋಳಗಿಯವರು ಬಂದಾರ ಅಂತಾಳ. ಮೊದಲ ಹೇಳೂದಲ್ಲೇನು?"

"ಹೆಂಗ ಹೇಳೂದೋ ಮಾರಾಯಾ," ಅಂದಳು ದುರ್ಗವ್ವ. ಆಮೇಲೆ ಸರ್ ಕಡೆ ತಿರುಗಿದಳು. "ಅಶ್ವ ಅನ್ನೂದು ಬಿಟ್ಟರಲ್ರಿ ಆ ಮಂದಿ, ಅವರ ಹೆಂಗಸರ ಮಾವಂದಿರ ಹೆಸರೇನಿತ್ತು?"

ಅದನ್ನು ಇದುವರೆಗೆ ಯಾರೂ ಕೇಳಿಲ್ಲ ಅಂದರು ಸರ್. ಟೇಪ್ ಚಾಲೂ ಮಾಡಿ ಬಸಕ್ಕನ ಕಡೆ ಹಿಡಿದರು. "ತಂಗಿ, ಆ ಒಡಪು ಇನ್ನೊಮ್ಮೆ ಹೇಳವ್ವಾ."

ಬಸಕ್ಕ ಇಲ್ಲವೆಂದು ತಲೆಯಾಡಿಸಿದಳು. ಒಳಗೆ ಹೋಗಿ, ಹನಮವ್ವನ ಕೈಯಿಂದ ಹೂವು ಕಸಿದು ಮತ್ತೆ ಮುಡಿಸಿ, ಸಕ್ಕರೆಯ ತಾಟು ತಂದಳು. ಮೊದಲು ತಿರಕಪ್ಪನಿಗೆ ಕೊಟ್ಟಳು, ಆಮೇಲೆ ಸರ್‌ಗೆ. ಸರ್‌ಗೆ ತುಸು ಕಡಿಮೆ.